ಕುದುರೆ ಕಾಣದ ಲಾಳಗಳು

ನನ್ನನ್ನು ಮೈಸೂರಿನಿಂದ ಬೊಂಬಾಯಿಗೆ ಕಳಿಸಿದ್ದು ಟೈಪಿಂಗ್ ಕಲಿಯಲಿ ಎಂದು. ಐವತ್ತರ ದಶಕದ ನಡುಭಾಗ. ನನಗೆ ಇಪ್ಪತ್ತಮೂರು ವರ್ಷ, ಇಂಟರ್‌ಮೀಡಿಯೆಟ್ಟಿನಲ್ಲಿ ಎರಡು ಸಲ ಬಿದ್ದಿದ್ದೆ. ಮೂರನೇ ಸಲ ಬೀಳುವ ಮೊದಲು ಏನಾದರೂ ಮಾಡಬೇಕೆಂದು ಅಪ್ಪ ಭಾವನಿಗೆ ಕಾಗದ ಬರೆದರು. ಭಾವ ಮಲಾಡಿನ ಒಂದು ಚಾಳಿನಲ್ಲಿ ಅಕ್ಕನ ಜೊತೆ ಇದ್ದರು. ವಿಕ್ರೋಳಿಯ ದೊಡ್ಡ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತರು. ದಿನಾ ಬೆಳಿಗ್ಗೆ ಲೋಕಲ್ ಹಿಡಿದು ದಾದರಿನಲ್ಲಿ ಗಾಡಿ ಬದಲಿಸಿ ಹೋಗಿ ಬರುತ್ತಿದ್ದರು. ಟೈಪಿಂಗ್ ಕಲಿತರೆ ತಮ್ಮ ಆಫೀಸಿಗೇ ಸೇರಿಸಬಹುದೆಂದು ಅವರು ಉತ್ತರ ಬರೆದರು. ನಾನು ಒಂದು ಟ್ರಂಕಿನೊಂದಿಗೆ ಬಂದಿಳಿದೆ.

ಕ್ಲಾಸು ಇದ್ದದ್ದು ಬೊರಿವಲಿಯಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷದ ನಡಿಗೆ, ಒಂದು ಹಳೆಯ ಕಟ್ಟಡದ ಮಾಳಿಗೆಯ ಮೇಲೆ. ಹತ್ತು ಮಿಶನ್ನುಗಳು, ಒಬ್ಬ ಮಾಸ್ತರರು. ಮಾಸ್ತರರು ನಮ್ಮ ಬೆರಳುಗಳ ಮೇಲೆ ಒಂದು ಬಟ್ಟೆ ಹೊದಿಸಿ, ಅಕ್ಷರ ನೋಡದೆ ಹೊಡೆಯಬೇಕೆನ್ನುತ್ತಿದ್ದರು. ನನ್ನ ಮಿಶನ್ನು ಕಿಟಕಿಯ ಪಕ್ಕ ಇತ್ತು. ಎಲ್ಲ ಹಾಳಾದದ್ದು ಅದರಿಂದಲೇ. ಕಿಟಕಿಯ ಕೆಳಗೆ ಟಾಂಗಾ ಸ್ಟ್ಯಾಂಡು. ಸ್ಟ್ಯಾಂಡಿನ ಮೂಲೆಯಲ್ಲಿ ತಗಡಿನ ಚಪ್ಪರ. ಚಪ್ಪರದಡಿ ಒಬ್ಬರು ಮುದುಕರು ಬೆಳಗಿನಿಂದ ಸಂಜೆಯವರೆಗೆ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರು.

ಅಡೆಗಲ್ಲಿನ ಮೇಲೆ ಅವರು ಸುತ್ತಿಗೆ ಹೊಡೆಯುವುದಕ್ಕೆ ಒಂದು ಲಯವಿತ್ತು. ಕಬ್ಬಿಣದ ಮೇಲೆ ಮೂರು ಪೆಟ್ಟು, ಬರಿಯ ಅಡೆಗಲ್ಲಿನ ಮೇಲೆ ಒಂದು ಹಗುರ ಪೆಟ್ಟು, ಮತ್ತೆ ಮೂರು. ನನಗೆ ಗೊತ್ತಿಲ್ಲದ ಹಾಗೆ ನನ್ನ ಬೆರಳೂ ಅದೇ ತಾಳಕ್ಕೆ ಬಿತ್ತು. ಮೂರು ಅಕ್ಷರ, ಒಂದು ಖಾಲಿ ಜಾಗ, ಮತ್ತೆ ಮೂರು ಅಕ್ಷರ. ಮಾಸ್ತರರು ನನ್ನ ಹಾಳೆ ತೆಗೆದು ನೋಡಿದರು. ಒಂದು ಇಡೀ ಪುಟದಲ್ಲಿ ಮೂರಕ್ಷರಕ್ಕಿಂತ ಉದ್ದದ ಶಬ್ದ ಒಂದೂ ಇರಲಿಲ್ಲ. ಇಂಗ್ಲಿಷ್ ಭಾಷೆಯನ್ನು ಹೀಗೆ ಕೊಚ್ಚಿದವರನ್ನು ತಾವು ಕಂಡಿಲ್ಲವೆಂದೂ, ಬೆರಳಿಗೆ ಶಿಸ್ತು ಬರುವ ತನಕ ಬೇರೆಯವರ ಸಮಯ ಹಾಳುಮಾಡಬಾರದೆಂದೂ ಮರಾಠಿಯಲ್ಲಿ ಹೇಳಿ ಬಾಗಿಲು ತೋರಿಸಿದರು.

ಕೆಳಗಿಳಿದು ಬಂದು ಸ್ಟ್ಯಾಂಡಿನಲ್ಲಿ ನಿಂತೆ. ಮನೆಗೆ ಹೋಗಲು ಇನ್ನೂ ಮೂರು ಗಂಟೆ ಇತ್ತು. ಮುದುಕರು ತಲೆಯೆತ್ತದೆಯೇ ಕೇಳಿದರು:

"ಏನ್ ತಮ್ಮಾ, ಹದಿನೈದು ದಿನ ಆತು, ಕಿಡಕ್ಯಾಗಿಂದ ನೋಡಾಕತ್ತಿದ್ದಿ. ಇವತ್ತ ಇಳದಿಯಲ್ಲ?"

ಬೊರಿವಲಿಯ ಟಾಂಗಾ ಸ್ಟ್ಯಾಂಡಿನಲ್ಲಿ ಕನ್ನಡ ಕೇಳಿ ಅವರ ಹತ್ತಿರ ಹೋದೆ. ನಾನು ಕನ್ನಡದವನೆಂದು ಹೇಗೆ ಗೊತ್ತಾಯಿತೆಂದು ಕೇಳಿದೆ. ಮೆಟ್ಟಿಲಿಳಿಯುತ್ತ ಮಾಸ್ತರರನ್ನು ನಾನು ಕನ್ನಡದಲ್ಲಿ ಬೈದದ್ದು ಅವರಿಗೆ ಕೇಳಿಸಿತ್ತು.

ಅವರು ವಿಜಾಪುರದ ಕಡೆಯವರು. ಹರೆಯದಲ್ಲಿ ಫೌಜಿನ ಕುದುರೆಗಳಿಗೆ ಲಾಳ ಕಟ್ಟಿದವರು. ಸ್ಟ್ಯಾಂಡಿನವರೆಲ್ಲ ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆವತ್ತು ಅವರ ಬಳಿ ಕುಲುಮೆಯ ತಿದಿ ಒತ್ತುವವನು ಬಂದಿರಲಿಲ್ಲ. ಸುಮ್ಮನೆ ನಿಲ್ಲುವ ಬದಲು ಒತ್ತು ಎಂದರು. ಒತ್ತಿದೆ. ಮರುದಿನವೂ ಅವನು ಬರಲಿಲ್ಲ. ಅವನು ಯಾವುದೋ ಮಿಲ್ಲಿಗೆ ಸೇರಿದ್ದನೆಂದು ಆಮೇಲೆ ತಿಳಿಯಿತು. ಹೀಗೆ ನಾನು ದಿನಾ ಮಲಾಡಿನಿಂದ ಟೈಪಿಂಗಿಗೆಂದು ಹೊರಟು, ಕಟ್ಟಡದವರೆಗೂ ಹೋಗಿ, ಮೆಟ್ಟಿಲು ಹತ್ತದೆ ಉಳಿಯತೊಡಗಿದೆ. ಭಾವನಿಗೆ ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ. ಅವರು ಕ್ಲಾಸು ಹೇಗಿದೆ ಎಂದು ಕೇಳುತ್ತಿದ್ದರು, ಕೈಗೆ ಒಳ್ಳೇ ವ್ಯಾಯಾಮ ಸಿಗುತ್ತಿದೆ ಎನ್ನುತ್ತಿದ್ದೆ.

ಮೊದಲ ತಿಂಗಳು ಬರೀ ತಿದಿ. ಆಮೇಲೆ ಕಾಲು ಎತ್ತುವುದು. ಕುದುರೆಯ ಕಾಲು ಎತ್ತುವುದೆಂದರೆ ಬಗ್ಗಿ ಹಿಡಿದೆತ್ತುವುದು ಎಂದುಕೊಂಡಿದ್ದೆ. ಹಾಗಲ್ಲ. ಅದರ ತಲೆಯ ಕಡೆಗೆ ಬೆನ್ನು ಹಾಕಿ ನಿಂತು, ಭುಜದಿಂದ ಕೆಳಕ್ಕೆ ಕೈ ಸವರುತ್ತ ಬಂದು, ಗೆಣ್ಣಿನ ಹತ್ತಿರ ಮೆಲ್ಲಗೆ ಒತ್ತಿದರೆ ಅದೇ ಕಾಲು ಕೊಡಬೇಕು. ಕೊಟ್ಟ ಕಾಲನ್ನು ನಮ್ಮ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಎರಡು ಕೈಯನ್ನೂ ಕೆಲಸಕ್ಕೆ ಬಿಡಿಸಿಕೊಳ್ಳಬೇಕು. ಇದು ಉಸ್ತಾದರ ಫೌಜಿನ ಪದ್ಧತಿ. ಊರಿನ ಬೇರೆ ಲಾಳದವರು ಇನ್ನೊಬ್ಬನಿಂದ ಕಾಲು ಹಿಡಿಸಿ ತಾವು ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಉಸ್ತಾದರಿಗೆ ಅದು ಕಂಡರಾಗದು.

ಸ್ಟ್ಯಾಂಡಿನಲ್ಲೊಂದು ಬೂದು ಬಣ್ಣದ ಹೆಣ್ಣು ಕುದುರೆ ಇತ್ತು. ಅದು ನಾನು ಕೇಳುವ ಮೊದಲೇ ಕಾಲು ಕೊಟ್ಟುಬಿಡುತ್ತಿತ್ತು. ನನಗೆ ಬಹಳ ಹೆಮ್ಮೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ನನ್ನ ಸೊಂಟ ನೆಲ ಮುಟ್ಟುವ ಹಾಗಾಗುತ್ತಿತ್ತು. ಬೆವರಿಳಿಸುತ್ತ ನಿಂತ ನನ್ನನ್ನು ಉಸ್ತಾದರು ನೋಡಿ, "ನೀ ಅಕೀ ಕಾಲು ಹಿಡದಿಲ್ಲ ತಮ್ಮಾ. ಅಕಿ ನಿನ್ನ ಮ್ಯಾಲ ಕುಂತಾಳ," ಎಂದರು. ಅದು ತನ್ನ ಅರ್ಧ ಭಾರವನ್ನು ನನ್ನ ಮೇಲೆ ಹಾಕಿ ಕಣ್ಣು ಮುಚ್ಚಿ ನಿದ್ದೆ ಹೋಗಿತ್ತು. ಹೊಸಬರು ಯಾರೇ ಬಂದರೂ ಹೀಗೇ ಮಾಡುತ್ತಿತ್ತಂತೆ. ಮೊಣಕಾಲು ತುಸು ಸಡಿಲಿಸಿ ಕಾಲನ್ನು ಒಂದು ಗೇಣು ಕೆಳಗೆ ಬಿಟ್ಟರೆ ಅದಕ್ಕೆ ಬೀಳುವ ಭಯವಾಗಿ ತಾನೇ ನೆಟ್ಟಗಾಗುತ್ತದೆ ಎಂದು ಹೇಳಿಕೊಟ್ಟರು. ಹಾಗೆ ಮಾಡಿದೆ. ಅದು ಥಟ್ಟನೆ ಎಚ್ಚೆತ್ತು, ಹಿಂತಿರುಗಿ, ನನ್ನ ಪೈಜಾಮದ ಹಿಂಭಾಗವನ್ನು ಹಲ್ಲಿನಲ್ಲಿ ಹಿಡಿದೆಳೆಯಿತು. ಆ ದಿನ ಸಂಜೆ ಲೋಕಲ್ಲಿನಲ್ಲಿ ಮಲಾಡ್ ಬರುವ ತನಕ ಬಾಗಿಲ ಕಂಬಕ್ಕೆ ಬೆನ್ನು ಹಚ್ಚಿ ನಿಂತೇ ಬಂದೆ.

ಮನೆಯಲ್ಲಿ ಅಕ್ಕ ನನ್ನ ಬಟ್ಟೆ ಒಗೆಯುವವಳು. ಬಿಸಿ ಲಾಳವನ್ನು ಗೊರಸಿಗೆ ಒತ್ತಿ ಅಳತೆ ನೋಡುವಾಗ ಏಳುವ ಹೊಗೆ ಇದೆಯಲ್ಲ, ಅದು ಕೂದಲು ಸುಟ್ಟ ವಾಸನೆ. ಮೂರು ಸಲ ಒಗೆದರೂ ಹೋಗುವುದಿಲ್ಲ. ಅದು ಟೈಪ್‌ರೈಟರಿನ ಎಣ್ಣೆ ಎಂದು ಇಬ್ಬರಿಗೂ ಹೇಳಿದ್ದೆ. ಬೆರಳಿನ ಕಪ್ಪು ಕಾರ್ಬನ್ ಪೇಪರಿನದು ಎಂದಿದ್ದೆ. ಅಕ್ಕ ಎಲ್ಲಕ್ಕೂ ಹೂಂ ಎಂದಿದ್ದಳು. ಒಂದು ಮಧ್ಯಾಹ್ನ ಭಾವ ಇಲ್ಲದಾಗ ನನ್ನ ಅಂಗಿಯನ್ನು ಬೆಳಕಿಗೆ ಎತ್ತಿ ಹಿಡಿದಳು. ಎದೆಯ ಮೇಲೆ ಜರಡಿಯ ಹಾಗೆ ತೂತುಗಳು.

"ಕಾರ್ಬನ್ ಪೇಪರ್ ಅಂಗಿ ಸುಡುತ್ತೇನೋ?" ಎಂದು ಕೇಳಿದಳು.

ಹೇಳಿಬಿಟ್ಟೆ. ತಿದಿ, ಕುದುರೆ, ಉಸ್ತಾದ್, ಪೈಜಾಮ ಎಲ್ಲವನ್ನೂ. ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಅಂಗಿಯನ್ನು ಮಡಿಚಿಟ್ಟು, ಭಾವನಿಗೆ ಹೇಳುವುದಿಲ್ಲವೆಂದೂ ಆದರೆ ತನಗೊಂದು ಒಳ್ಳೇ ಇಕ್ಕಳ ಮಾಡಿಕೊಡಬೇಕೆಂದೂ ಕರಾರು ಹಾಕಿದಳು. ಮಾಡಿಕೊಟ್ಟೆ. ಅದರ ಎರಡು ತುದಿಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡಿದ್ದವು. ಹುಳಿಯ ಪಾತ್ರೆ ಎರಡು ಸಲ ಜಾರಿದ ಮೇಲೆ ಅದನ್ನು ಬಚ್ಚಲಿನ ಕೊಳವೆಯಲ್ಲಿ ಸಿಕ್ಕಿದ್ದನ್ನು ತೆಗೆಯಲು ಇಟ್ಟುಕೊಂಡಳು.

ಮೂರನೆಯ ತಿಂಗಳಲ್ಲಿ ಉಸ್ತಾದರು ನನ್ನ ಕೈಗೆ ಕಬ್ಬಿಣದ ಪಟ್ಟಿ ಕೊಟ್ಟು ಲಾಳ ಮಾಡೆಂದರು. ನೋಡಲು ಅದು ಸುಲಭ. ಪಟ್ಟಿಯ ನಡುಭಾಗವನ್ನು ಕಿತ್ತಳೆ ಬಣ್ಣಕ್ಕೆ ಕಾಯಿಸಿ, ಅಡೆಗಲ್ಲಿನ ಮೂತಿಯ ಮೇಲಿಟ್ಟು ಬಾಗಿಸುವುದು. ಆಮೇಲೆ ಒಂದು ಕಡೆಯ ತೋಳು, ಇನ್ನೊಂದು ಕಡೆಯ ತೋಳು. ಅಂಚಿನಲ್ಲಿ ಮೊಳೆಯ ತಲೆ ಕೂರಲು ಒಂದು ಸಣ್ಣ ಕಾಲುವೆ ಕೊರೆದು, ಅದರಲ್ಲಿ ಏಳು ತೂತು ಹೊಡೆಯುವುದು, ಹೊರಗಡೆಗೆ ನಾಲ್ಕು, ಒಳಗಡೆಗೆ ಮೂರು. ಉಸ್ತಾದರಿಗೆ ಇದಕ್ಕೆ ಒಂದು ಬೀಡಿ ಸೇದುವಷ್ಟು ಹೊತ್ತು ಸಾಕಿತ್ತು. ನಾನು ಬೆಳಿಗ್ಗೆ ಶುರುಮಾಡಿ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮುಗಿಸಿದೆ. ಒಂದು ತೋಳನ್ನು ಬಾಗಿಸಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು. ಅದನ್ನು ಸರಿಮಾಡುವಾಗ ಇದು ತಿರುಚಿಕೊಳ್ಳುತ್ತಿತ್ತು. ಉಸ್ತಾದರು ನಮಾಜು ಮುಗಿಸಿ ಬಂದು ಅದನ್ನು ಇಕ್ಕಳದಲ್ಲಿ ಹಿಡಿದು ಸುತ್ತಲೂ ತಿರುಗಿಸಿ ನೋಡಿದರು.

"ಚಲೋ ಆಗೇದ. ಆದ್ರ ಇಂಥಾ ಕಾಲಿನ ಕುದರಿ ಅಲ್ಲಾ ಇನ್ನೂ ಹುಟ್ಟಿಸಿಲ್ಲ," ಎಂದರು. ಮನೆಗೆ ಒಯ್ದು ದಿನಾ ಕಣ್ಣಿಗೆ ಬೀಳುವ ಕಡೆ ಇಡು ಎಂದು ಅದನ್ನು ನನಗೇ ಕೊಟ್ಟರು.

ಅದೇ ವಾರ ಭಾವನಿಗೆ ಶನಿ ಹಿಡಿದದ್ದು. ಹಿಡಿದು ಆಗಲೇ ಎರಡು ವರ್ಷವಾಗಿತ್ತಂತೆ, ಗೊತ್ತಾದದ್ದು ಆ ವಾರ. ಅವರ ಆಫೀಸಿನಲ್ಲಿ ಜಾತಕ ನೋಡುವ ಒಬ್ಬರು ಊಟದ ವೇಳೆಯಲ್ಲಿ ಭಾವನ ಕುಂಡಲಿ ಬಿಡಿಸಿ ಸಾಡೇಸಾತ್, ಏಳೂವರೆ ವರ್ಷದ ಶನಿಕಾಟ, ಎಂದಿದ್ದರು. ಭಾವನಿಗೆ ಕೂಡಲೇ ಎಲ್ಲವೂ ಅರ್ಥವಾಯಿತು. ಸೆಕ್ಷನ್ನಿನ ಮೇಲಧಿಕಾರಿ ತಮ್ಮನ್ನೇ ಹುಡುಕಿ ಬೈಯುವುದು, ದಾದರಿನಲ್ಲಿ ದಿನಾ ಗಾಡಿ ತಪ್ಪುವುದು, ಚಾಳಿನ ನಲ್ಲಿಯಲ್ಲಿ ತಮ್ಮ ಸರದಿ ಬಂದಾಗಲೇ ನೀರು ನಿಲ್ಲುವುದು. ಪರಿಹಾರ ಒಂದೇ, ಕಪ್ಪು ಕುದುರೆಯ ಕಾಲಿನಿಂದ ತಾನಾಗಿ ಬಿದ್ದ ಲಾಳವನ್ನು ಬಾಗಿಲಿನ ಮೇಲೆ ಕಟ್ಟುವುದು.

"ನಿನ್ನ ಕ್ಲಾಸಿನ ಕೆಳಗೆ ಟಾಂಗಾ ನಿಲ್ಲುತ್ತವಲ್ಲ," ಎಂದರು ಭಾವ. "ಬರೋವಾಗ ಸ್ವಲ್ಪ ನೆಲದ ಮೇಲೆ ಕಣ್ಣಿಟ್ಟು ಬಾರಯ್ಯ."

ಅಕ್ಕ ಅಡಿಗೆಮನೆಯಿಂದ ನನ್ನನ್ನು ನೋಡಿದಳು. ನಾನು ತಟ್ಟೆ ನೋಡಿದೆ.

ನಿಜವಾದ ಹಳೆಯ ಲಾಳ ಕೇಳಿದ್ದರೆ ಉಸ್ತಾದರು ಕೊಡುತ್ತಿದ್ದರೋ ಏನೋ. ಆದರೆ ಅವರು ಸವೆದ ಲಾಳಗಳನ್ನು ಎರಡೆರಡು ಸೇರಿಸಿ ಬೆಸೆದು ಹೊಸತು ಮಾಡುತ್ತಿದ್ದರು. ಕೇಳಲು ನನಗೆ ಸಂಕೋಚ. ಮೇಲಾಗಿ ನನ್ನ ಟ್ರಂಕಿನಲ್ಲೇ ಒಂದು ಲಾಳವಿತ್ತು. ಅದನ್ನು ಕಲ್ಲಿಗೆ ಉಜ್ಜಿದೆ, ಉಪ್ಪುನೀರಿನಲ್ಲಿ ಅದ್ದಿ ಚಾಳಿನ ಹಿಂದಿನ ಮೋರಿಯ ಪಕ್ಕದಲ್ಲಿ ಮೂರು ದಿನ ಹೂತಿಟ್ಟೆ. ನಾಲ್ಕನೆಯ ದಿನ ತೆಗೆದಾಗ ಅದು ನೂರು ವರ್ಷದ ಹಿಂದಿನದರಂತೆ ಕಾಣುತ್ತಿತ್ತು. ಭಾವನ ಕೈಗೆ ಕೊಟ್ಟೆ. ಕುದುರೆ ಕಪ್ಪಗಿತ್ತೇ ಎಂದು ಕೇಳಿದರು. ಕುದುರೆ ಇಲ್ಲದಿದ್ದರೇನು, ಲಾಳ ಇದ್ದಿಲಿನಲ್ಲಿ ಕಾಯ್ದದ್ದಂತೂ ನಿಜವಲ್ಲವೇ ಎಂದುಕೊಂಡೆ.

"ಇದ್ದಿಲಿನಷ್ಟು ಕಪ್ಪು, ಭಾವ," ಎಂದೆ.

ಅದರ ಆಕಾರವನ್ನು ಅವರು ಗಮನಿಸದೆ ಇರಲಿಲ್ಲ. ಪಾಪ, ಕುಂಟ ಕುದುರೆ ಇರಬೇಕು ಎಂದರು. ಶನಿವಾರ ತಲೆಗೆ ಸ್ನಾನ ಮಾಡಿ, ಸ್ಟೂಲು ಹತ್ತಿ, ಬಾಗಿಲಿನ ಮೇಲೆ ಮೊಳೆ ಹೊಡೆದು ತೂಗುಹಾಕಿದರು. ಅಕ್ಕ ಅದಕ್ಕೆ ಅರಿಶಿನ ಕುಂಕುಮ ಹಚ್ಚಬೇಕಾಯಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಹಚ್ಚಿದಳು. ಭಕ್ತಿ ಎಂದು ಭಾವ ತಿಳಿದರು.

ಹತ್ತು ದಿನದೊಳಗೆ ಆ ಬೈಯುವ ಮೇಲಧಿಕಾರಿಯನ್ನು ಬೇರೆ ಸೆಕ್ಷನ್ನಿಗೆ ಹಾಕಿದರು.

ಇದರಲ್ಲಿ ನನ್ನದಾಗಲಿ ಲಾಳದ್ದಾಗಲಿ ಯಾವ ಕೈವಾಡವೂ ಇಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಭಾವ ಆಫೀಸಿನಲ್ಲಿ ಬಾಯಿ ಬಿಟ್ಟಿದ್ದರು. ಮೊದಲು ಪಕ್ಕದ ಮೇಜಿನವರು ಒಂದು ಲಾಳ ಬೇಕೆಂದರು. ಆಮೇಲೆ ಸ್ಟೋರಿನವರು. ಆಮೇಲೆ ಮದುವೆಯಾಗದ ಮಗಳಿದ್ದ ಕ್ಯಾಷಿಯರು. ಭಾವ ಒಬ್ಬರಿಗೂ ಇಲ್ಲವೆನ್ನಲಿಲ್ಲ, ಎಲ್ಲರಿಗೂ ಬೊರಿವಲಿಯಲ್ಲಿ ತಮ್ಮ ಜನ ಇದ್ದಾರೆ ಎಂದರು. ಇತ್ತ ನನಗೂ ಲಾಳಗಳ ಕೊರತೆಯಿರಲಿಲ್ಲ. ದಿನಕ್ಕೊಂದಾದರೂ ಕೆಡಿಸುತ್ತಿದ್ದೆ. ಕಬ್ಬಿಣವನ್ನು ಬಿಳಿಯಾಗುವ ತನಕ ಕಾಯಿಸಿಬಿಟ್ಟರೆ ಅದು ಹೂಬಾಣದ ಹಾಗೆ ಕಿಡಿಯುಗುಳುತ್ತದೆ. ಆಮೇಲೆ ಅದು ಬೆಲ್ಲದಚ್ಚಿನ ಹಾಗೆ ಪುಡಿಪುಡಿ, ಯಾವುದಕ್ಕೂ ಬಾರದು. ಉಸ್ತಾದರು ಅಂಥವನ್ನು ಮೂಲೆಗೆ ಎಸೆಯುತ್ತಿದ್ದರು. ನಾನು ಅವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಏನು ಮಾಡುತ್ತೀ ಎಂದು ಒಮ್ಮೆ ಕೇಳಿದರು. ನಮ್ಮ ಭಾವನಿಗೆ ಇಷ್ಟ ಎಂದೆ. ಅವರು, ನಿಮ್ಮ ಮನೆತನಾನೇ ಹೀಂಗೇನು ಎಂದು ಕೇಳಿ ಕೆಲಸಕ್ಕೆ ತಿರುಗಿದರು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ವಿಕ್ರೋಳಿಯ ಆ ಆಫೀಸಿನವರಲ್ಲಿ ಹನ್ನೆರಡು ಜನರ ಬಾಗಿಲುಗಳ ಮೇಲೆ ನನ್ನ ಕಲಿಕೆಯ ಹನ್ನೆರಡು ಮೆಟ್ಟಿಲುಗಳು ನೇತಾಡುತ್ತಿದ್ದವು. ಮೊದಮೊದಲಿನವು ಬದನೆಕಾಯಿಯ ಹಾಗೆ, ನಡುವಿನವು ಒಂದು ತೋಳು ಉದ್ದ. ಕೊನೆಯವು, ನಾನೇ ಹೇಳಿಕೊಳ್ಳಬಾರದು, ಲಾಳದಂತೆಯೇ ಇದ್ದವು. ಇಷ್ಟು ಕುದುರೆಗಳ ಕಾಲು ಸಾಲಾಗಿ ಗುಣವಾಗುತ್ತಾ ಬಂದದ್ದು ಹೇಗೆ ಎಂದು ಯಾರಿಗೂ ಅನುಮಾನ ಬರಲಿಲ್ಲ.

ಎಡವಟ್ಟಾದದ್ದು ದೊಡ್ಡ ಸಾಹೇಬರಿಂದ. ಅವರು ಇಡೀ ಆಫೀಸಿಗೆ ಮೇಲಿನವರು. ಯಾರೋ ಅವರ ಕಿವಿಗೂ ಹಾಕಿದ್ದರು. ಅವರು ಭಾವನನ್ನು ಒಳಗೆ ಕರೆಸಿ, ತಮಗೂ ಒಂದು ಕುದುರೆ ಲಾಳ ಬೇಕು, ನಿಜವಾದದ್ದು, ಎಂದರು. ಭಾವ ಇದನ್ನು ನನ್ನಂಥವನ ಮೇಲೆ ಬಿಡಲು ಸಿದ್ಧರಿರಲಿಲ್ಲ. ನನಗೆ ಒಂದು ಮಾತೂ ಹೇಳದೆ, ರಜೆಯ ದಿನವೊಂದರ ಬೆಳಿಗ್ಗೆ ತಾವೇ ಬೊರಿವಲಿಗೆ ಹೊರಟರು. ನನಗೆ ಅಂದು ವಿಶೇಷ ಕ್ಲಾಸು ಇದೆಯೆಂದು ಹೇಳಿ ನಾನು ಅವರಿಗಿಂತ ಒಂದು ಗಂಟೆ ಮೊದಲೇ ಹೊರಟಿದ್ದೆ.

ಬೂದು ಕುದುರೆಯ ಹಿಂಗಾಲು ನನ್ನ ತೊಡೆಯ ಮೇಲಿತ್ತು. ಗೊರಸು ಹೆರೆಯುತ್ತಿದ್ದೆ. ತಲೆ ಕೆಳಗೆ, ಬೆನ್ನು ಮೇಲೆ. ನನ್ನ ಕಾಲುಗಳ ಸಂದಿನಿಂದ ಒಂದು ಜೊತೆ ಚಪ್ಪಲಿ, ಮಡಿಚಿದ ಧೋತರದ ಅಂಚು ಕಂಡವು. ಆ ಚಪ್ಪಲಿಗೆ ಎಡಗಾಲಿನಲ್ಲಿ ಹೊಸ ಪಟ್ಟಿ ಹೊಲಿಸಿಕೊಂಡು ಬಂದವನು ನಾನೇ.

"ಉಸ್ತಾದರು ಯಾರಪ್ಪ ಇಲ್ಲಿ?" ಎಂದು ಭಾವ ಹಿಂದಿಯಲ್ಲಿ ನನ್ನ ಬೆನ್ನನ್ನು ಕೇಳಿದರು.

ನಾನು ಏಳಲಿಲ್ಲ. ಬೂದು ಕುದುರೆ ಎಂದಿನಂತೆ ನನ್ನ ಮೇಲೆ ಭಾರ ಬಿಟ್ಟಿತು, ಏಳುವುದಕ್ಕೂ ಆಗಲಿಲ್ಲ. ಉಸ್ತಾದರು ಒಳಗಿನಿಂದ ಬಂದರು. ಇಬ್ಬರೂ ಹಿಂದಿಯಲ್ಲಿ ತೊಡಗಿ, ಎರಡೇ ಮಾತಿಗೆ ಪರಸ್ಪರರ ಕನ್ನಡ ಪತ್ತೆಹಚ್ಚಿಕೊಂಡರು. ಭಾವನಿಗೆ ಸಂತೋಷವೋ ಸಂತೋಷ. ತಮ್ಮ ಭಾವಮೈದ ಇಲ್ಲಿಂದ ಹನ್ನೆರಡು ಲಾಳ ಆರಿಸಿ ತಂದದ್ದನ್ನೂ ಅವುಗಳ ಮಹಿಮೆಯನ್ನೂ ವಿವರಿಸಿದರು. ಉಸ್ತಾದರು ಬೀಡಿ ಕೈಯಲ್ಲೇ ಹಿಡಿದು ಕೇಳಿದರು. ಅವರಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ, ನನ್ನ ದುರದೃಷ್ಟ.

"ಸಾಹೇಬ್ರ, ಅವು ಒಂದೂ ಕುದರಿ ಕಾಲು ಕಂಡಿಲ್ರಿ," ಎಂದರು. "ಎಲ್ಲಾ ಇಂವಾ ಕೆಡಿಸಿದ್ದು."

ಭಾವ ಚಪ್ಪರದ ಕಂಬ ಹಿಡಿದುಕೊಂಡರು. ನಾನು ಮೊಣಕಾಲು ಸಡಿಲಿಸಿ, ಕಾಲನ್ನು ಕೆಳಗಿಳಿಸಿ, ನೆಟ್ಟಗೆ ನಿಂತು ಅವರ ಕಡೆ ತಿರುಗಿದೆ. ಕೈಯಲ್ಲಿ ಗೊರಸು ಹೆರೆಯುವ ಚಾಕು, ಮೈಯೆಲ್ಲ ಮಸಿ. ಅವರು ನನ್ನ ಮುಖ ನೋಡಿದರು, ಮಾಳಿಗೆಯ ಕಿಟಕಿ ನೋಡಿದರು. ಮೇಲಿಂದ ಟೈಪ್‌ರೈಟರಿನ ಸದ್ದು ಬರುತ್ತಿತ್ತು. ಎಷ್ಟು ದಿನದಿಂದ ಎಂದು ಕೇಳಿದರು. ಏಳು ತಿಂಗಳು ಎಂದೆ. ಟೈಪಿಂಗ್ ಎಷ್ಟು ದಿನ ಕಲಿತೆ ಎಂದು ಕೇಳಿದರು. ಹದಿನೈದು ದಿನ ಎಂದೆ. ನಿಮ್ಮಕ್ಕನಿಗೆ ಗೊತ್ತೋ ಎಂದು ಕೇಳಿದರು. ನಾನು ಚಾಕುವನ್ನು ಪೈಜಾಮಕ್ಕೆ ಒರೆಸತೊಡಗಿದೆ. ಅದೇ ಉತ್ತರವಾಯಿತು.

ನನಗೆ ಆಗ ನಿಜಕ್ಕೂ ಭಯವಾಗಿತ್ತು, ಬೈಗುಳದ ಭಯವಲ್ಲ. ನಾಳೆಯಿಂದ ಈ ಚಪ್ಪರಕ್ಕೆ ಬರುವಂತಿಲ್ಲವಲ್ಲ ಎಂಬ ಭಯ. ಕ್ಷಮೆ ಕೇಳಲು ಬಾಯಿ ತೆರೆದೆ. ಭಾವ ಕೈ ಎತ್ತಿ ತಡೆದರು. ಅಲ್ಲಿದ್ದ ಡಬ್ಬದ ಮೇಲೆ ಕೂತು ಬೆರಳು ಮಡಿಚಿ ಎಣಿಸತೊಡಗಿದರು. ಅವರು ಎಣಿಸುತ್ತಿದ್ದುದು ನನ್ನ ತಪ್ಪುಗಳನ್ನಲ್ಲ, ಹನ್ನೆರಡು ಬಾಗಿಲುಗಳನ್ನು ಎಂದು ಆಮೇಲೆ ನನಗೆ ಹೊಳೆಯಿತು.

"ಕ್ಯಾಷಿಯರ್ ಮಗಳಿಗೆ ಮದುವೆ ಗೊತ್ತಾಯಿತು ಕಣಯ್ಯ, ಹೋದ ವಾರ," ಎಂದರು ಕೊನೆಗೆ. "ಈಗ ಹೋಗಿ ಅವರಿಗೆ ಏನಂತ ಹೇಳಲಿ?"

ಯಾರಿಗೂ ಏನೂ ಹೇಳಬಾರದೆಂದು ತೀರ್ಮಾನವಾಯಿತು. ಆದರೆ ದೊಡ್ಡ ಸಾಹೇಬರದ್ದು ಹಾಗಲ್ಲ. ಅದಾದರೂ ನಿಜವಾದದ್ದೇ ಆಗಬೇಕು, ಕಪ್ಪು ಕುದುರೆಯ ಕಾಲಿನಲ್ಲಿ ನಾಲ್ಕು ದಿನವಾದರೂ ಓಡಿರಬೇಕು ಎಂದು ಭಾವ ಹಟ ಹಿಡಿದರು. ಸ್ಟ್ಯಾಂಡಿನಲ್ಲಿ ಕಪ್ಪು ಕುದುರೆ ಒಂದೇ ಇತ್ತು. ಅದರ ಟಾಂಗಾದವನು ಮರಾಠಿಯವನು, ಹತ್ತಿರದ ಗುಡ್ಡದ ಗುಹೆಗಳನ್ನು ನೋಡಲು ಹೋಗುವವರನ್ನು ಕೂರಿಸಿಕೊಂಡು ಹೋಗುತ್ತಿದ್ದ. ಹಿಂಗಾಲಿನ ಲಾಳ ಸವೆದು ಮುರಿದಿದ್ದರಿಂದ ಹೇಗೂ ಬದಲಿಸಬೇಕಾಗಿತ್ತೆಂದು ಅವನು ಖುಷಿಯಿಂದ ಕುದುರೆಯನ್ನು ತಂದು ನಿಲ್ಲಿಸಿದ. ಮೈಯೆಲ್ಲ ಕಾಡಿಗೆಯಂಥ ಕಪ್ಪು, ಬಲ ಹಿಂಗಾಲು ಮಾತ್ರ ಗೆಣ್ಣಿನ ಕೆಳಗೆ ಬಿಳಿ, ಕಾಲುಚೀಲ ಹಾಕಿದಂತೆ. ಬದಲಿಸಬೇಕಾದದ್ದು ಅದೇ ಕಾಲು.

ಭಾವ ಬಗ್ಗಿ ಆ ಕಾಲನ್ನು ಪರೀಕ್ಷಿಸಿದರು. ಟಾಂಗಾದವನು ಮಿಕ್ಕದ್ದೆಲ್ಲ ಕಪ್ಪೇ ಅಲ್ಲವೇ ಎಂದ.

"ಇರಲಿ ಬಿಡಿ," ಎಂದರು ಭಾವ. "ಶನಿದೇವರಿಗೆ ಅಷ್ಟು ದೂರದಿಂದ ಕಾಲು ಎಲ್ಲಿ ಕಾಣುತ್ತೆ."

ನನ್ನ ಭಾವ ಇಂಥ ಮಾತಾಡಬಲ್ಲರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಲ್ಲಿಯವರೆಗೆ ಅವರನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲವೇನೋ.

ಲಾಳ ಮಾಡುವುದೂ ಇವನೇ, ಹೊಡೆಯುವುದೂ ಇವನೇ, ಎಂದು ಉಸ್ತಾದರು ಹೇಳಿ ಪಕ್ಕಕ್ಕೆ ಸರಿದರು. ಆವರೆಗೆ ನಾನು ಜೀವಂತ ಗೊರಸಿಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಮರದ ದಿಮ್ಮಿಗೆ ಹೊಡೆದಿದ್ದೆ, ಅಷ್ಟೇ. ಹೊಸ ಪಟ್ಟಿ ತೆಗೆದುಕೊಂಡು ಕಾಯಿಸಿದೆ. ಲಾಳ ಒಂದೇ ಸಲಕ್ಕೆ ಒಪ್ಪವಾಗಿ ಬಂತು. ಗೊರಸು ಹೆರೆದು, ಬಿಸಿಯಿದ್ದಾಗಲೇ ಒತ್ತಿ ಅಳತೆ ನೋಡಿದೆ. ಹಳದಿ ಹೊಗೆ ಎದ್ದು ಭಾವನನ್ನು ಮುಚ್ಚಿತು. ಕೆಮ್ಮುತ್ತಲೇ ಅವರು, ಇದೇ ಏನೋ ಟೈಪ್‌ರೈಟರಿನ ಎಣ್ಣೆ, ಎಂದರು.

ಕುದುರೆಯ ತಲೆ ಹಿಡಿಯುವ ಕೆಲಸ ಅವರ ಪಾಲಿಗೆ ಬಂದಿತ್ತು.

ಮೊಳೆ ಹೊಡೆಯುವುದರಲ್ಲಿ ಇರುವುದೆಲ್ಲ ಕಿವಿ. ಗೊರಸಿನ ಹೊರಗೋಡೆ ನಮ್ಮ ಉಗುರಿನ ಹಾಗೆ, ಅದಕ್ಕೆ ನೋವಿಲ್ಲ. ಅದರ ಒಳಗೆ ಒಂದು ಬಿಳಿ ಗೆರೆ, ಗೆರೆಯ ಒಳಗೆ ಜೀವ. ಮೊಳೆ ಗೆರೆಯ ಹೊರಗೇ ಹತ್ತಿ, ಮೇಲೆ ಬಂದು ಗೋಡೆಯಿಂದ ಹೊರಗೆ ಮೂತಿ ಹಾಕಬೇಕು. ಸರಿಯಾಗಿ ಹೋಗುತ್ತಿದ್ದರೆ ಪ್ರತಿ ಪೆಟ್ಟಿಗೂ ಸದ್ದು ಗಟ್ಟಿಯಾಗುತ್ತದೆ. ಮೊದಲ ಮೊಳೆ ಹಾಗೇ ಹೋಯಿತು. ಎರಡನೆಯದೂ. ಮೂರನೆಯದರ ಎರಡನೇ ಪೆಟ್ಟಿಗೆ ಸದ್ದು ಮೆತ್ತಗಾಯಿತು, ಒದ್ದೆ ಮಣ್ಣಿಗೆ ಹೊಡೆದಂತೆ. ಕುದುರೆಯ ತೊಡೆಯ ಚರ್ಮ ಒಮ್ಮೆ ಅದುರಿತು.

"ನಿಲ್ಲು," ಎಂದರು ಉಸ್ತಾದರು. ಗಟ್ಟಿಯಾಗಿ ಹೇಳಲಿಲ್ಲ. "ತಗಿ. ನೋಡು."

ಕಿತ್ತೆ. ಮೊಳೆಯನ್ನು ಬೆಳಕಿಗೆ ಹಿಡಿದೆ. ಒಣಗಿತ್ತು. ತುದಿಯಲ್ಲಿ ರಕ್ತವಿಲ್ಲ. ನನ್ನ ಕಣ್ಣಿಗೆ ಬೆವರು ಇಳಿದು ಉರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಉಸ್ತಾದರು ಬೇರೆ ಮೊಳೆ ಕೊಟ್ಟು, ತುದಿಯ ಓರೆ ಯಾವ ಕಡೆಗಿರಬೇಕೆಂದು ಹೆಬ್ಬೆರಳಿನಿಂದ ತೋರಿಸಿದರು. ನಾನು ಗಡಿಬಿಡಿಯಲ್ಲಿ ಅದನ್ನು ತಿರುಗಾಮುರುಗಾ ಹಿಡಿದಿದ್ದೆ. ಮತ್ತೆ ಹೊಡೆದೆ. ಸದ್ದು ಗಟ್ಟಿಯಾಗುತ್ತಾ ಹೋಯಿತು. ಏಳೂ ಮೊಳೆ ಮುಗಿಸಿ, ಹೊರಬಂದ ತುದಿಗಳನ್ನು ತಿರುಚಿ ಮುರಿದು, ಮಡಿಚಿ ಬಡಿದು, ಅರ ಹಾಕಿ ನುಣ್ಣಗೆ ಮಾಡಿ ಕಾಲು ಕೆಳಗಿಟ್ಟೆ. ಟಾಂಗಾದವನು ಕುದುರೆಯನ್ನು ಕಲ್ಲುಹಾಸಿನ ಮೇಲೆ ನಡೆಸಿಕೊಂಡು ಹೋಗಿ ಬಂದ. ಉಸ್ತಾದರು ಕಣ್ಣು ಮುಚ್ಚಿ ಕೇಳಿದರು. ನಾಲ್ಕೂ ಸದ್ದು ಒಂದೇ ಸಮ. ಅವರು ಬೀಡಿ ಹಚ್ಚಿದರು.

ಆಗ ನೋಡಿದರೆ ಭಾವನ ಅಂಗಿಯ ಜೇಬು ಹರಿದು ನೇತಾಡುತ್ತಿತ್ತು. ಅವರು ನನ್ನ ಕೈ ನೋಡುತ್ತ ಮೈಮರೆತಿದ್ದಾಗ ಕಪ್ಪು ಕುದುರೆ ಜೇಬಿನಿಂದ ರೈಲ್ವೆ ಪಾಸನ್ನು ತೆಗೆದು ಅಗಿದಿತ್ತು. ಅರ್ಧ ಸಿಕ್ಕಿತು. ಆ ತಿಂಗಳು ಪೂರ್ತಿ ಅವರು ಮಲಾಡಿನಿಂದ ದಾದರಿನ ತನಕ ಇರುವ ಅರ್ಧವನ್ನು ಇಟ್ಟುಕೊಂಡು, ವಿಕ್ರೋಳಿಯ ಅರ್ಧ ಎಲ್ಲಿ ಹೋಯಿತೆಂದು ಟಿಕೆಟ್ ಕಲೆಕ್ಟರಿಗೆ ದಿನಾ ವಿವರಿಸಬೇಕಾಯಿತು. ನಿಜ ಹೇಳಿದರೆ ಒಬ್ಬರೂ ನಂಬುತ್ತಿರಲಿಲ್ಲವಂತೆ.

ಆ ಲಾಳ ಮೂರು ವಾರ ಓಡಿತು. ತೆಗೆದಾಗ ಮುಂತುದಿ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು. ಭಾವ ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ದೊಡ್ಡ ಸಾಹೇಬರಿಗೆ ಒಪ್ಪಿಸಿ, ಯಾವ ದಿನ, ಯಾವ ದಿಕ್ಕಿಗೆ ಕಟ್ಟಬೇಕೆಂದು ಹೇಳಲು ತೊಡಗಿದರು. ಸಾಹೇಬರಿಗೆ ಶನಿಯ ಗೊಡವೆಯೇ ಇರಲಿಲ್ಲ. ಅವರಿಗೆ ಕುದುರೆ ರೇಸಿನ ಹುಚ್ಚು. ಮೇಜಿನ ಮೇಲೆ ಕಾಗದ ಹಾರದಂತೆ ಇಡಲು ಒಂದು ಚೆಂದದ ಲಾಳ ಬೇಕಿತ್ತು, ಅಷ್ಟೇ. ತಿರುಗಿಸಿ ನೋಡಿ, ಬಹಳ ಒಳ್ಳೆಯ ಕೈಕೆಲಸ, ಯಾರದ್ದು, ಎಂದು ಕೇಳಿದರಂತೆ.

"ನನ್ನ ಭಾವಮೈದುನಂದು ಅಂದುಬಿಟ್ಟೆ," ಎಂದು ಭಾವ ಆ ಸಂಜೆ ಚಪ್ಪಲಿ ಬಿಡುತ್ತ ಅಕ್ಕನಿಗೆ ಹೇಳಿದರು. ನನಗೆ ಹೇಳಲಿಲ್ಲ. ನಾನು ಅಲ್ಲೇ ಮೂರು ಅಡಿ ದೂರದಲ್ಲಿ ಕೂತಿದ್ದೆ.

ಅಪ್ಪನಿಗೆ ಕಾಗದ ಬರೆದವಳು ಅಕ್ಕ. ಅವನು ಟೈಪಿಂಗ್ ಬಿಟ್ಟು ಕಬ್ಬಿಣದ ಕೆಲಸಕ್ಕೆ ಸೇರಿದ್ದಾನೆ, ಕೆಲಸ ಪೂರಾ ಫೌಜಿನ ಪದ್ಧತಿಯದು ಎಂದು ಬರೆದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಪ್ಪ ಸಂತೋಷಪಟ್ಟು, ಫೌಜಿನವರು ಊಟ ಚೆನ್ನಾಗಿ ಹಾಕುತ್ತಾರೆಯೇ ಎಂದು ಕೇಳಿ ಬರೆದರು.

ಆಮೇಲೆ ಐದು ವರ್ಷ ನಾನು ಆ ಚಪ್ಪರದಲ್ಲೇ ಇದ್ದೆ. ಒದೆ ತಿಂದಿದ್ದೇನೆ, ಎಡಗೈಯ ಕಿರುಬೆರಳು ಈಗಲೂ ಸರಿಯಾಗಿ ಮಡಿಚುವುದಿಲ್ಲ. ನಾನು ಲಾಳದವನಾದದ್ದು ಯಾವತ್ತು ಎಂದು ಕೇಳಿದರೆ ಮಾತ್ರ ಕಪ್ಪು ಕುದುರೆಯ ದಿನವನ್ನು ಹೇಳಲಾರೆ. ಅದಾಗಿ ಒಂದು ವರ್ಷಕ್ಕೆ, ಒಂದು ಶುಕ್ರವಾರ ಮಧ್ಯಾಹ್ನ ಉಸ್ತಾದರು ನಮಾಜಿಗೆ ಹೋಗಿದ್ದರು. ನಾನು ಒಬ್ಬನೇ ಇದ್ದೆ. ಹೊಸ ಟಾಂಗಾದವನೊಬ್ಬ ಕುಂಟುತ್ತಿದ್ದ ಕುದುರೆಯನ್ನು ನಡೆಸಿಕೊಂಡು ಬಂದ. ಉಸ್ತಾದ್ ಎಲ್ಲಿ ಎಂದು ಅವನು ಕೇಳಲಿಲ್ಲ. ನನ್ನ ಮುಂದೆ ಕುದುರೆಯನ್ನು ನಿಲ್ಲಿಸಿ, ಮುಂಗಾಲು, ಎಡಗಡೆಯದು, ನೋಡಿ ಎಂದ.

ಬೆನ್ನು ತಿರುಗಿಸಿ ನಿಂತು, ಭುಜದಿಂದ ಕೆಳಕ್ಕೆ ಕೈ ಸವರಿದೆ. ಕಾಲು ಕೊಟ್ಟಿತು. ಲಾಳ ಸಡಿಲವಾಗಿ, ನಡುವೆ ಒಂದು ಜಲ್ಲಿಕಲ್ಲು ಸಿಕ್ಕಿಕೊಂಡಿತ್ತು. ಕಲ್ಲು ತೆಗೆಯುತ್ತಿದ್ದಾಗ ಉಸ್ತಾದರು ಮಸೀದಿಯಿಂದ ಬಂದದ್ದು ಕಂಡೆ. ಅವರು ಸ್ಟ್ಯಾಂಡಿನ ಆಚೆ ನಿಂತು ನಮ್ಮಿಬ್ಬರನ್ನೂ ನೋಡಿದರು. ಚಪ್ಪರಕ್ಕೆ ಬರಲಿಲ್ಲ. ಎದುರಿನ ಅಂಗಡಿಯ ಬೆಂಚಿನ ಮೇಲೆ ಕೂತು, ಟೋಪಿ ತೆಗೆದು ಪಕ್ಕಕ್ಕಿಟ್ಟು, ಒಂದು ಚಹಾ ತರಲು ಹೇಳಿದರು.